ಆ ಹೊತ್ತಿಗೆ ಇನ್ನೊಂದು ತಲೆ ಬೇಕು

ಟೈಪ್ 1 ಮಧುಮೇಹ ಇರುವವರು ಹಣ್ಣಿನ ರಸದ ಲೋಟಕ್ಕೆ ಕೈ ಚಾಚಿದಾಗ ಪಕ್ಕದಲ್ಲಿದ್ದವರು ಕಕ್ಕುಲಾತಿಯಿಂದ ಅದನ್ನು ಆಚೆ ಸರಿಸುವುದುಂಟು. "ನಿಮಗೆ ಶುಗರ್ ಇದೆಯಲ್ಲ, ಇದನ್ನೆಲ್ಲ ಕುಡಿಯಬಾರದು." ಆ ಕ್ಷಣಕ್ಕೆ ಅವರ ಪಾಲಿನ ಔಷಧ ಅದೇ ರಸ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದೆ, ಕೈ ನಡುಗುತ್ತಿದೆ, ಮೈ ಬೆವರುತ್ತಿದೆ. ಬಿಡಿಸಿ ಹೇಳೋಣವೆಂದರೆ ಮಾತು ಕೂಡಿ ಬರುತ್ತಿಲ್ಲ.

ತಪ್ಪಿನ ಅರ್ಧ ಪಾಲು ಹೆಸರಿನದು. ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಟ್ಟು ಹಿಂದೆ ಅಂಕಿ ಅಂಟಿಸಿದ್ದೇವೆ. ಹೆಚ್ಚು ಜನರಲ್ಲಿ ಕಾಣುವ ಟೈಪ್ 2ರಲ್ಲಿ, ರಕ್ತದ ಗ್ಲೂಕೋಸನ್ನು ಇಳಿಸುವ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಟೈಪ್ 1ರಲ್ಲಿ ರೋಗನಿರೋಧಕ ವ್ಯವಸ್ಥೆ ಇನ್ಸುಲಿನ್ ತಯಾರಿಸುವ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನೇ ಶತ್ರುವೆಂದು ಭಾವಿಸಿ ನಾಶಮಾಡುತ್ತದೆ. ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ಸಾಮಾನ್ಯವಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣಿಸಿಕೊಂಡರೂ ಯಾವ ವಯಸ್ಸಿನಲ್ಲಾದರೂ ಬರಬಹುದು. ಬಂದ ಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದೆ ಬದುಕು ಸಾಗದು.

ಚುಚ್ಚುಮದ್ದು ಇದೆಯಲ್ಲ, ಇನ್ನೇನು ಎನ್ನುವವರು ಬೀಟಾ ಕೋಶದ ಕೆಲಸವನ್ನು ಒಮ್ಮೆ ಗಮನಿಸಬೇಕು. ಅದು ಗ್ಲೂಕೋಸನ್ನು ಸದಾ ಅಳೆಯುತ್ತ, ಬೇಕಾದಷ್ಟೇ ಇನ್ಸುಲಿನ್ ಬಿಡುತ್ತದೆ. ಸಾಕೆನಿಸಿದಾಗ ನಿಲ್ಲಿಸುತ್ತದೆ. ಈ ನಿಲ್ಲಿಸುವ ಕೆಲಸವೇ ದೊಡ್ಡದು. ಚರ್ಮದಡಿಗೆ ಚುಚ್ಚಿದ ಇನ್ಸುಲಿನ್, ಅದು ತ್ವರಿತ ಬಗೆಯದಾದರೂ, ಕೆಲಸ ಶುರುಮಾಡಲು ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಆಮೇಲೆ ಮೂರರಿಂದ ಐದು ಗಂಟೆ ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ. ಊಟ ಅರ್ಧಕ್ಕೇ ನಿಂತಿತೆಂದು ಅದನ್ನು ಹಿಂದಕ್ಕೆ ಕರೆಯುವಂತಿಲ್ಲ. ಹಾಗಾಗಿ ಪ್ರತಿ ಊಟಕ್ಕೂ ಮುಂಚೆ ಇಷ್ಟು ಪಿಷ್ಟ, ಇಷ್ಟು ನಡಿಗೆ, ಬೆಳಗಿನ ಡೋಸ್‌ನಲ್ಲಿ ಉಳಿದದ್ದು ಇಷ್ಟು ಎಂದು ಭವಿಷ್ಯ ನುಡಿಯಬೇಕು. ಒಂದು ಅಂಗದ ನೌಕರಿ ಮನಸ್ಸಿನ ಹೆಗಲಿಗೆ ಬಿದ್ದಿದೆ. ಅದಕ್ಕೆ ರಜೆಯೂ ಇಲ್ಲ.

ಇಷ್ಟರಲ್ಲೇ ಒಂದು ವಿಚಿತ್ರ ಪೇಚು ಅಡಗಿದೆ. ಮಿದುಳು ಮುಖ್ಯವಾಗಿ ಗ್ಲೂಕೋಸ್ ನಂಬಿ ನಡೆಯುವ ಅಂಗ. ಗ್ಲೂಕೋಸ್ ಕುಸಿದಾಗ ವಿವೇಚನೆ ಮಂಕಾಗುತ್ತದೆ, ಕೆಲವರು ಸಿಡುಕುತ್ತಾರೆ, "ನನಗೇನೂ ಆಗಿಲ್ಲ" ಎಂದು ಹಟ ಹಿಡಿಯುತ್ತಾರೆ. ಅಂದರೆ ತುರ್ತಾಗಿ ಸರಿಯಾದ ನಿರ್ಧಾರ ಬೇಕಾದ ಗಳಿಗೆಯಲ್ಲೇ ನಿರ್ಧರಿಸುವ ಯಂತ್ರ ಕೈಕೊಡುತ್ತದೆ. ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ನಡುಕ, ಬೆವರು ಎಂಬ ಮುನ್ಸೂಚನೆಗಳೂ ಸಪ್ಪಗಾಗುತ್ತವೆ. ಜೊತೆಗೊಬ್ಬರಿರಬೇಕು ಎನ್ನುವುದನ್ನು ನಾವು ಸಾಮಾನ್ಯವಾಗಿ ಭಾವನೆಯ ಮಾತೆಂದು ಬಗೆಯುತ್ತೇವೆ. ನನ್ನ ಮಟ್ಟಿಗೆ ಅದು ಶರೀರಶಾಸ್ತ್ರದ ಮಾತು.

ಆ ಜೊತೆಗಾರರ ಕೆಲಸವೂ ಕಷ್ಟದ್ದಲ್ಲ. ಬೇಗ ಕರಗಿ ಸೇರುವ 15 ಗ್ರಾಂ ಸಕ್ಕರೆ ಕೊಟ್ಟು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸುವುದು. ಏರದಿದ್ದರೆ ಇನ್ನೊಮ್ಮೆ ಕೊಡುವುದು. ಈ ಕಾಯುವಿಕೆಯೇ ಕಠಿಣ ಎಂದು ಅನುಭವಿಗಳು ಹೇಳುತ್ತಾರೆ. ಹಸಿದ ಮಿದುಳು ಸಿಕ್ಕಿದ್ದನ್ನೆಲ್ಲ ತಿನ್ನು ಎನ್ನುತ್ತದೆ, ತಿಂದರೆ ಒಂದು ಗಂಟೆಯ ಮೇಲೆ ಗ್ಲೂಕೋಸ್ ಗಗನಕ್ಕೇರುತ್ತದೆ. ಪಕ್ಕದಲ್ಲಿ ಕುಳಿತು ಆ ಕಾಲು ಗಂಟೆಯನ್ನು ಮಾತಿನಲ್ಲಿ ಕಳೆಯುವವರು ಅರ್ಧ ವೈದ್ಯರಿದ್ದಂತೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿದೀತು. ಗ್ಲೂಕೋಸ್ ಏರಿಸುವ ಗ್ಲುಕಗಾನ್‌ನ ಚುಚ್ಚುಮದ್ದೋ ಮೂಗಿನ ಸ್ಪ್ರೇಯೋ ಇದ್ದರೆ ಅದನ್ನು ಕೊಡಬೇಕು, ತಕ್ಷಣ ಆಂಬುಲೆನ್ಸ್ ಕರೆಸಬೇಕು.

ಕೈಜೋಡಿಸುವ ಈ ಅಗತ್ಯವನ್ನು ಮೊದಲು ಅರಿತವರಲ್ಲಿ ಸ್ವತಃ ಇದೇ ಕಾಯಿಲೆಯಿದ್ದ ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ ಒಬ್ಬರು. ಸಾವು ಖಚಿತವೆಂದು ಇಟಲಿಯ ಫ್ಲಾರೆನ್ಸಿನಲ್ಲಿ ನೆಲೆಸಿದ್ದ ಅವರು, 1923ರಲ್ಲಿ ಇನ್ಸುಲಿನ್ ದೊರೆಯುವ ಸುದ್ದಿ ತಲುಪಿ ಊರಿಗೆ ಮರಳಿ ಬದುಕಿದರು. 1934ರಲ್ಲಿ ಮಧುಮೇಹವಿದ್ದ ಸಾಹಿತಿ ಎಚ್. ಜಿ. ವೆಲ್ಸ್ ಜೊತೆ ಸೇರಿ ರೋಗಿಗಳದೇ ಸಂಘ ಕಟ್ಟಿದರು.

ಮುಂದಿನ ದೊಡ್ಡ ಜಿಗಿತವೂ ಬಂದದ್ದು ಮನೆಗಳಿಂದಲೇ. ಚರ್ಮದಡಿ ಕುಳಿತು ಕೆಲವು ನಿಮಿಷಗಳಿಗೊಮ್ಮೆ ಗ್ಲೂಕೋಸ್ ಅಳೆಯುವ ಸಂವೇದಕಗಳು ಬಂದಿದ್ದವು, ಆದರೆ ಅಂಕಿ ರೋಗಿಯ ಜೇಬಿನ ಪುಟ್ಟ ಪರದೆಯಲ್ಲೇ ಉಳಿಯುತ್ತಿತ್ತು. 2013ರಲ್ಲಿ ಅಮೆರಿಕದ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್ ತಮ್ಮ ಪುಟ್ಟ ಮಗನ ಅಂಕಿಗಳನ್ನು ದೂರದಿಂದಲೇ ನೋಡುವಂತೆ ಕಂಪ್ಯೂಟರ್ ಕೋಡ್ ಬರೆದು ಹಂಚಿದರು. ಟೈಪ್ 1 ಇರುವ ಅಮೆರಿಕದ ಡ್ಯಾನಾ ಲೂಯಿಸ್ ಅವರ ತೊಂದರೆ ಇನ್ನೂ ಸರಳ: ಕಡಿಮೆಯಾದಾಗ ಕೂಗುವ ಅಲಾರಂ ಅವರನ್ನು ನಿದ್ದೆಯಿಂದ ಎಬ್ಬಿಸುತ್ತಿರಲಿಲ್ಲ. ಜೋರು ಅಲಾರಂ ಮಾಡಲು ಹೊರಟವರು ಕೊನೆಗೆ ಇನ್ಸುಲಿನ್ ಪಂಪನ್ನು ತಾನೇ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ರೂಪಿಸಿ, 2015ರಲ್ಲಿ ಅದರ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು. ಕಂಪನಿಗಳು ಕೊಡಲಿ ಎಂದು ಕಾಯುವಷ್ಟು ತಾಳ್ಮೆ ಅವರಲ್ಲಿರಲಿಲ್ಲ. ಒಳ್ಳೆಯದೇ ಆಯಿತು.

ಆದರೆ ಎಲ್ಲರಿಗೂ ಕಾಣುವ ಅಂಕಿ ಬೇರೊಂದು ಹೊರೆ ತಂದಿತು. "ಎಷ್ಟಿದೆ?" ಎಂಬ ಪ್ರಶ್ನೆ ಪರೀಕ್ಷೆಯ ಅಂಕ ಕೇಳಿದಂತೆ ಕೇಳಿಸುತ್ತದೆ. ಅದೇ ಊಟ, ಅದೇ ಡೋಸ್, ಆದರೂ ಇಂದು 120, ನಾಳೆ 240. ನಿದ್ದೆಗೆಟ್ಟರೆ, ಜ್ವರ ಬಂದರೆ, ಮುಟ್ಟಿನ ದಿನಗಳು ಹತ್ತಿರವಾದರೆ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದಡಿ ಗಂಟು ಕಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ಅದನ್ನು ಅಶಿಸ್ತೆಂದು ಗದರಿದರೆ ಮಕ್ಕಳು ಬೇಗ ಕಲಿಯುವ ವಿದ್ಯೆ ಒಂದೇ, ಅಂಕಿ ಮುಚ್ಚಿಡುವುದು. ಇದೇ ಕಾಯಿಲೆಯಿರುವ ಇನ್ನೊಬ್ಬರ ಎದುರು ಹಾಗೆ ಮುಚ್ಚಿಡಬೇಕಾಗಿಲ್ಲ. ಅವರು 240 ಕೇಳಿ ಹುಬ್ಬೇರಿಸುವುದಿಲ್ಲ, "ಸೂಜಿಯ ಜಾಗ ಬದಲಿಸಿದೆಯಾ?" ಎಂದು ಕೇಳುತ್ತಾರೆ.

ಮಕ್ಕಳಿಗೆ ಹದಿನೈದು ಹದಿನಾರು ವಯಸ್ಸಾಗುವ ಹೊತ್ತಿಗೆ ಅನೇಕ ಮನೆಗಳಲ್ಲಿ ಇದರ ಬಗ್ಗೆ ಹೊಸ ಒಪ್ಪಂದವಾಗುತ್ತದೆ. ಅಮ್ಮನ ಮೊಬೈಲಿಗೆ ಅಂಕಿಗಳೆಲ್ಲ ಬರುವುದು ಬೇಡ, 60ಕ್ಕಿಂತ ಇಳಿದರೆ ಮಾತ್ರ ಅಲಾರಂ ಬರಲಿ. ಅಮ್ಮ ಒಪ್ಪುತ್ತಾಳೆ. ಮೊದಲ ಕೆಲವು ರಾತ್ರಿ ಅಲಾರಂ ಕೂಗದಿದ್ದರೂ ಎಚ್ಚರವಾಗಿಯೇ ಇರುತ್ತಾಳೆ.