ಅಷ್ಟು ಬಿಸಿಯಾದ ನಕ್ಷತ್ರ ಅಷ್ಟು ತಣ್ಣಗಿನ ಜಾಗದಲ್ಲಿ ಹುಟ್ಟೋದು ಹೇಗೆ?

ಪ್ರಶ್ನೆ: ಸೂರ್ಯನ ನಡುವೆ ಒಂದೂವರೆ ಕೋಟಿ ಡಿಗ್ರಿ ಬಿಸಿ ಇದೆ ಅಂತೀರಿ. ನಕ್ಷತ್ರ ಹುಟ್ಟುವ ಮೋಡ ಮಾತ್ರ ಮೈನಸ್ 260 ಡಿಗ್ರಿ ಅಂತೀರಿ. ಎರಡೂ ಹೇಗೆ ಸರಿ?

ಉತ್ತರ: ಎರಡೂ ಸರಿ. ಗೊಂದಲಕ್ಕೆ ಅರ್ಧ ಕಾರಣ ನಾವು ನೋಡುವ ಫೋಟೋಗಳು. ನಕ್ಷತ್ರಗಳ ಹೆರಿಗೆ ಮನೆ ಅಂತ ಎಲ್ಲರೂ ತೋರಿಸೋದು ಗುಲಾಬಿ ಬಣ್ಣದಲ್ಲಿ ಹೊಳೆಯುವ ಓರಿಯನ್ ನೆಬ್ಯುಲಾ ಅನ್ನೋ ಅನಿಲ ಮೋಡವನ್ನು. ಅಲ್ಲಿನ ಅನಿಲ ಹತ್ತು ಸಾವಿರ ಡಿಗ್ರಿ ಹತ್ತಿರ ಬಿಸಿ ಇದೆ, ನಿಜ. ಆದರೆ ಅದು ಹೆರಿಗೆ ಆದ ಮೇಲಿನ ದೀಪ. ಆಗಲೇ ಹುಟ್ಟಿದ ಕೆಲವೇ ದೊಡ್ಡ ನಕ್ಷತ್ರಗಳ ನೇರಳಾತೀತ ಬೆಳಕು ಸುತ್ತಲಿನ ಹೈಡ್ರೋಜನ್ ಅನ್ನು ಕಾಯಿಸಿ ಬೆಳಗಿಸಿದೆ. ನಿಜವಾದ ಹೆರಿಗೆ ಕೋಣೆ ಅದರ ಹಿಂದಿನ ಕತ್ತಲ ಮೋಡ. ನಮ್ಮ ಬಾಣಂತಿ ಕೋಣೆಯ ಹಾಗೆ ಕತ್ತಲೇನೋ ಇದೆ, ಬೆಚ್ಚಗೆ ಮಾತ್ರ ಇಲ್ಲ.

ಉರಗಧರ ನಕ್ಷತ್ರಪುಂಜದಲ್ಲಿ ಬರ್ನಾರ್ಡ್ 68 ಅಂತ ಒಂದು ಮೋಡ ಇದೆ. ನಾಲ್ಕೈದು ನೂರು ಬೆಳಕಿನ ವರ್ಷ ದೂರ. ಫೋಟೋದಲ್ಲಿ ನೋಡಿದರೆ ನಕ್ಷತ್ರಗಳ ನಡುವೆ ಯಾರೋ ತೂತು ಕೊರೆದ ಹಾಗಿದೆ! ತೂತಲ್ಲ, ಅದರೊಳಗಿನ ದೂಳು ಹಿಂದಿನ ಬೆಳಕನ್ನು ತಡೆದಿದೆ ಅಷ್ಟೆ. ಒಳಗೆ ಸುಮಾರು ಮೈನಸ್ 263 ಡಿಗ್ರಿ, ಅಂದರೆ 10 ಕೆಲ್ವಿನ್ (ಇರಬಹುದಾದ ಅತಿ ಕಡಿಮೆ ಬಿಸಿಯನ್ನು ಸೊನ್ನೆ ಅಂತಿಟ್ಟು ಎಣಿಸುವ ಅಳತೆ).

ಈ ಚಳಿ ಯಾಕೆ ಬೇಕು? ಮೋಡ ತನ್ನ ತೂಕಕ್ಕೇ ಒಳಕ್ಕೆ ಕುಸಿಯಬೇಕು, ಆದರೆ ಅನಿಲ ಬಿಸಿಯಾದಷ್ಟೂ ಹೊರಕ್ಕೆ ಒತ್ತುತ್ತದೆ. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲೇ ಈ ಜಗ್ಗಾಟದ ಲೆಕ್ಕ ಹಾಕಿದ್ದರು. ದಟ್ಟಣೆ ಅಷ್ಟೇ ಇದ್ದು ಬಿಸಿ 10 ಕೆಲ್ವಿನ್‌ನಿಂದ 100ಕ್ಕೆ ಏರಿದರೆ, ಕುಸಿಯೋಕೆ ಬೇಕಾದ ತೂಕ ಸುಮಾರು 30 ಪಟ್ಟು ಜಾಸ್ತಿಯಾಗುತ್ತದೆ. ಸೂರ್ಯನಂಥ ಸಣ್ಣ ನಕ್ಷತ್ರ ಆಗಬೇಕಿದ್ದರೆ ಚಳಿ ಇರಲೇಬೇಕು.

ಇನ್ನೊಂದು ತೊಡಕಿದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದೆ, ಅಲ್ವಾ? ಕುಸಿಯುವ ಮೋಡವೂ ಹಾಗೇ ಬಿಸಿಯಾಗಬೇಕು. ಆ ಬಿಸಿ ಹೊರಗೆ ಹೋಗೋಕೆ ಒಂದು ಗವಾಕ್ಷಿ ಬೇಕು. ಮೋಡದ ತುಂಬ ಇರುವ ಹೈಡ್ರೋಜನ್ ಅಣು ಇಷ್ಟು ಚಳಿಯಲ್ಲಿ ಬೆಳಕನ್ನೇ ಬಿಡುವುದಿಲ್ಲ, ಆ ಕೆಲಸಕ್ಕೆ ಅದು ದಂಡ. ಹತ್ತು ಸಾವಿರ ಹೈಡ್ರೋಜನ್ ಅಣುಗಳಿಗೆ ಸುಮಾರು ಒಂದರಂತೆ ಇರುವ ಕಾರ್ಬನ್ ಮೊನಾಕ್ಸೈಡ್ ಈ ಕೆಲಸ ಮಾಡುತ್ತದೆ. ಡಿಕ್ಕಿ ಹೊಡೆಸಿಕೊಂಡು ಗಿರಗಿರ ತಿರುಗಿ, ಆ ಶಕ್ತಿಯನ್ನು 2.6 ಮಿಲಿಮೀಟರ್ ಉದ್ದದ ರೇಡಿಯೋ ಅಲೆಯಾಗಿ ಹೊರಕ್ಕೆ ಬಿಡುತ್ತದೆ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಅನ್ನೋ ವಿಜ್ಞಾನಿಗಳು ಹಿಡಿದದ್ದು ಇದೇ ಅಲೆಯನ್ನು, ಓರಿಯನ್ ಕಡೆಯಿಂದಲೇ. ಇವತ್ತಿಗೂ ಇಂಥ ಮೋಡ ಹುಡುಕೋಕೆ ಇದೇ ಗುರುತು.

ನನಗೆ ತುಂಬ ಇಷ್ಟ ಆಗೋದು ಮುಂದಿನ ಭಾಗ. ಮೋಡದ ನಡುವೆ ಚಳಿ ಎಷ್ಟಿರುತ್ತದೆ ಅಂದರೆ ಕಾರ್ಬನ್ ಮೊನಾಕ್ಸೈಡೇ ದೂಳಿನ ಕಣಗಳ ಮೇಲೆ ಮಂಜಾಗಿ ಅಂಟಿಕೊಳ್ಳುತ್ತದೆ. ಬರ್ನಾರ್ಡ್ 68ರ ನಡುವೆ ಹೀಗೇ ಆಗಿದೆ, ಹಾಗಾಗಿ ಅಲ್ಲಿ ಅದರ ಗುರುತೇ ಮಂಕು. ಆ ಮಂಜಿಗೆ ಹೈಡ್ರೋಜನ್ ಪರಮಾಣುಗಳು ಒಂದೊಂದಾಗಿ ಸೇರುತ್ತ ಕೊನೆಗೆ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಆಗುತ್ತದೆ. ದೂಳಿನ ಕಣವೇ ಇಲ್ಲಿ ಅಡುಗೆ ಪಾತ್ರೆ. ಹೈಡ್ರೋಜನ್ ಅಣು ಕೂಡ ಬಹುಪಾಲು ಇಂಥ ಕಣಗಳ ಮೇಲೇ ಜೋಡಿಯಾಗೋದು. ದಟ್ಟ ಜಾಗದಲ್ಲಿ ಬಿಸಿಯನ್ನು ಹೊರಹಾಕುವ ಕೆಲಸವೂ ಆಮೇಲೆ ದೂಳಿನದ್ದೇ.

ಹಾಗಾದರೆ ಬಿಸಿ ಬರೋದು ಯಾವಾಗ? ನಡುಭಾಗ ಕುಸಿದು ಕುಸಿದು ತುಂಬ ದಟ್ಟವಾದಾಗ ಬೆಳಕಿಗೂ ದಾರಿ ಸಿಗುವುದಿಲ್ಲ. ಗವಾಕ್ಷಿ ಮುಚ್ಚಿತು. ಅಲ್ಲಿಂದ ಬಿಸಿ ಏರುತ್ತ ಹೋಗಿ, ಸೂರ್ಯನಂಥದ್ದಾದರೆ ಕೋಟಿಗಟ್ಟಲೆ ವರ್ಷ ಕಳೆದ ಮೇಲೆ, ಒಂದು ಕೋಟಿ ಡಿಗ್ರಿ ದಾಟಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಉರಿ ಪೂರ್ತಿ ಹತ್ತಿಕೊಳ್ಳುತ್ತದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ ಹೊತ್ತು ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ನಡುಪಟ್ಟಿಯ ಮೂರು ನಕ್ಷತ್ರ ಹುಡುಕಿ, ಅವುಗಳ ದಕ್ಷಿಣಕ್ಕೆ ಸ್ವಲ್ಪ ಸರಿದರೆ ಬರಿಗಣ್ಣಿಗೇ ಒಂದು ಮಸುಕು ಮಚ್ಚೆ ಕಾಣುತ್ತದೆ. ಅದೇ ಓರಿಯನ್ ನೆಬ್ಯುಲಾ, ಸುಮಾರು 1,350 ಬೆಳಕಿನ ವರ್ಷ ದೂರ. ಹಿಂದಿನ ಕತ್ತಲ ಮೋಡ ನಿಮಗೆ ಕಾಣುವುದಿಲ್ಲ. ಮುಂದಿನ ನಕ್ಷತ್ರಗಳು ಅದನ್ನು ಈಗಲೂ ಅಂಚಿನಿಂದ ಕರಗಿಸುತ್ತಿವೆ.