1970ರಲ್ಲಿ ಆನ್ ಆದ ನಮ್ಮ ಮೋಟರ್

ಬೋರ್‌ವೆಲ್ ಮೋಟರ್ ಯಾವಾಗ ಓಡಿತು, ಯಾವಾಗ ನಿಂತಿತು ಅಂತ ಲೆಕ್ಕ ಇಡೋಕೆ ಮನೆಯಲ್ಲಿ ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಕೂರಿಸಿದ್ದೆ. ಮೂರು ಸಲ ಮೋಟರ್ ಓಡಿಸಿ ಲೆಕ್ಕ ತೆಗೆದು ನೋಡಿದೆ. ಮೊದಲ ಸಲ ಅದು ಶುರುವಾಗಿದ್ದು 1970ರ ಜನವರಿ 1ರಂದು! ಮೂರನೇ ಸಲದ ವೋಲ್ಟೇಜ್ 429 ಕೋಟಿ ಚಿಲ್ಲರೆ. ನಮ್ಮ ಏರಿಯಾದ ಕರೆಂಟ್ ನಂಬೋ ಹಾಗಿಲ್ಲ ನಿಜ, ಆದರೂ ಇಷ್ಟೊಂದಾ?

ಈ ಲೆಕ್ಕ ಇಟ್ಟುಕೊಳ್ಳುತ್ತಿದ್ದದ್ದು 24ಸಿ32 ಎಂಬ ಎಂಟು ಕಾಲಿನ ಪುಟ್ಟ ಚಿಪ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಿಎಸ್3231 ಗಡಿಯಾರದ ಮಾಡ್ಯೂಲ್ ಕೊಂಡರೆ ಅದರ ಮೇಲೆ ಸಾಮಾನ್ಯವಾಗಿ ಇದೂ ಕೂತಿರುತ್ತದೆ. ಇದು ಇಇಪ್ರಾಮ್ ಜಾತಿಯದು. ಕರೆಂಟ್ ಹೋದರೂ ಬರೆದದ್ದನ್ನು ಮರೆಯುವುದಿಲ್ಲ. ಒಟ್ಟು 4096 ಬೈಟ್ ಜಾಗ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ.

ಮಾತುಕತೆಗೆ ಎರಡೇ ತಂತಿ. ಒಂದು ತಾಳ ಹಾಕುತ್ತದೆ, ಇನ್ನೊಂದರಲ್ಲಿ ಬಿಟ್‌ಗಳು, ಅಂದರೆ 0 ಮತ್ತು 1ಗಳು, ಒಂದರ ಹಿಂದೆ ಒಂದು ಸಾಗುತ್ತವೆ. ಫಿಲಿಪ್ಸ್ ಕಂಪನಿ 1982ರಲ್ಲಿ ತಂದ ಈ ಪದ್ಧತಿಯ ಹೆಸರು ಐ2ಸಿ. ಆರ್ಡುಯಿನೊ ಮೊದಲು ಚಿಪ್‌ನ ನಂಬರ್ ಹಿಡಿದು ಕೂಗುತ್ತದೆ. ಚಿಪ್ ತಂತಿಯನ್ನು ಕೆಳಗೆಳೆದು ಓಗೊಡುತ್ತದೆ. ಆಮೇಲೆ ಯಾವ ಜಾಗದಲ್ಲಿ ಬರೆಯಬೇಕು ಎಂದು ಎರಡು ಬೈಟ್ ವಿಳಾಸ, ಅದರ ಹಿಂದೆ ಬರೆಯಬೇಕಾದ ಮಾಹಿತಿ.

ನನ್ನ ಒಂದು ದಾಖಲೆ 12 ಬೈಟ್: ಶುರುವಾದ ಹೊತ್ತಿಗೆ 4, ನಿಂತ ಹೊತ್ತಿಗೆ 4, ವೋಲ್ಟೇಜ್‌ಗೆ 4. ಮೊದಲನೆಯದು ವಿಳಾಸ 0ರಿಂದ, ಎರಡನೆಯದು 12ರಿಂದ, ಮೂರನೆಯದು 24ರಿಂದ. ಎಡವಿದ್ದು ಇಲ್ಲೇ. ಈ ಚಿಪ್‌ನಲ್ಲಿ 32 ಬೈಟ್‌ಗೆ ಒಂದು ಪುಟ. ಒಂದೇ ಉಸಿರಿನಲ್ಲಿ ಬರೆಯುವಾಗ ಪುಟ ಮುಗಿದರೆ ಅದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಗಾಣದ ಎತ್ತಿನ ಹಾಗೆ ಸುತ್ತಿ ಅದೇ ಪುಟದ ತಲೆಗೆ ಬರುತ್ತದೆ. ಮೂರನೇ ದಾಖಲೆಯ 8 ಬೈಟ್ 31ರವರೆಗೆ ಹಿಡಿಸಿತು. ಉಳಿದ 4 ಬೈಟ್, ಅಂದರೆ ವೋಲ್ಟೇಜ್, ಹೋಗಿ 0ಯಿಂದ 3ರವರೆಗಿನ ಜಾಗದಲ್ಲಿ ಕೂತಿತು. ಅಲ್ಲಿದ್ದದ್ದು ಮೊದಲ ಸಲ ಮೋಟರ್ ಶುರುವಾದ ಹೊತ್ತು! ನನ್ನ ಪ್ರೋಗ್ರಾಂ ಹೊತ್ತನ್ನು ಅಳೆಯುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ. 232 ವೋಲ್ಟ್ ಅಂದರೆ 232 ಸೆಕೆಂಡ್ ಎಂದುಕೊಂಡಿತು, ಪಾಪ.

ಓದುವಾಗ ಈ ಪುಟದ ಕಟ್ಟುಪಾಡಿಲ್ಲ, ಚಿಪ್ ಸಲೀಸಾಗಿ 32ಕ್ಕೆ ದಾಟುತ್ತದೆ. ಅಲ್ಲಿ ಯಾರೂ ಏನೂ ಬರೆದಿರಲಿಲ್ಲ. ಖಾಲಿ ಬೈಟ್ ಓದಿದರೆ 255 ಬರುತ್ತದೆ. ಅಂಥ ನಾಲ್ಕು ಬೈಟ್‌ಗಳನ್ನು ಸಾಲಾಗಿ ಜೋಡಿಸಿ ಒಂದೇ ಸಂಖ್ಯೆಯಾಗಿ ಓದಿದರೆ 4294967295. ಅದೇ ನಮ್ಮ 429 ಕೋಟಿ ವೋಲ್ಟ್.

ಪುಟ ಯಾಕೆ ಬೇಕು? ಬರೆಯುವುದು ನಿಧಾನದ ಕೆಲಸ, ಅದಕ್ಕೆ. ಚಿಪ್ ತನ್ನೊಳಗೇ ಹೆಚ್ಚಿನ ವೋಲ್ಟೇಜ್ ಮಾಡಿಕೊಂಡು, ತೆಳು ಆಕ್ಸೈಡ್ ಗೋಡೆಯ ಮೂಲಕ ಎಲೆಕ್ಟ್ರಾನ್‌ಗಳನ್ನು ನುಗ್ಗಿಸುತ್ತದೆ. ಸುತ್ತಲೂ ಗೋಡೆ ಇರೋದರಿಂದ ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಈ ಉಪಾಯವನ್ನು ಬೆಲ್ ಲ್ಯಾಬ್ಸ್‌ನ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ 1967ರಲ್ಲೇ ತೋರಿಸಿದ್ದರು. ಒಂದು ಬೈಟ್ ಬರೆದರೂ ಇಡೀ ಪುಟ ಬರೆದರೂ 5ರಿಂದ 10 ಮಿಲಿಸೆಕೆಂಡ್. ಅಷ್ಟು ಹೊತ್ತು ಚಿಪ್ ಕೂಗಿದರೂ ಓಗೊಡುವುದಿಲ್ಲ. ಸುಮ್ನೆ ಕಾಯೋ ಬದಲು ಓ ಅನ್ನುವವರೆಗೂ ಕೂಗುತ್ತಿರುವುದೇ ಜಾಣತನ.

ಗೋಡೆಯೂ ಸವೆಯುತ್ತದೆ. ಮಾಹಿತಿ ಹಾಳೆಗಳಲ್ಲಿ ಸಾಮಾನ್ಯವಾಗಿ ಕಾಣುವ ಭರವಸೆ 10 ಲಕ್ಷ ಬರಹ. ಜಾಸ್ತಿ ಅನ್ನಿಸುತ್ತೆ, ಅಲ್ವಾ? ಒಂದೇ ಜಾಗಕ್ಕೆ ನಿಮಿಷಕ್ಕೊಮ್ಮೆ ಬರೆದರೆ 694 ದಿನಕ್ಕೆ ಮುಗಿಯಿತು.

ಈಗ ಒಂದು ದಾಖಲೆಗೆ 16 ಬೈಟ್ ಕೊಟ್ಟಿದ್ದೇನೆ, ಪುಟಕ್ಕೆ ಸರಿಯಾಗಿ ಎರಡು. ಒಟ್ಟು 256 ಹಿಡಿಸುತ್ತವೆ, ತುಂಬಿದ ಮೇಲೆ ಮತ್ತೆ ಮೊದಲಿಂದ. ಹಾಗಾಗಿ ಸವೆತ ಎಲ್ಲ ಪುಟಗಳಿಗೂ ಹಂಚಿಹೋಗುತ್ತದೆ. ಹೆಚ್ಚಿಗೆ ಸಿಕ್ಕ 4 ಬೈಟ್‌ನಲ್ಲಿ ಉಳಿದ 12ರ ಮೊತ್ತ ಇಡುತ್ತೇನೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮೊತ್ತ ತಾಳೆಯಾಗುವುದಿಲ್ಲ. ಹೋದ ವಾರ ಅಂಥದ್ದು ಎರಡು ಸಿಕ್ಕವು.