ತರಕಾರಿಯಲ್ಲಿ ಔಷಧಿ ಉಳಿದಿದೆಯಾ, ಮನೆಯಲ್ಲೇ ಗೊತ್ತಾಗುತ್ತಾ?

ಪ್ರಶ್ನೆ: ಶಿವಮೊಗ್ಗ ಮಾರ್ಕೆಟ್‌ನಿಂದ ತರುವ ಬದನೆ, ಬೀನ್ಸ್‌ನಲ್ಲಿ ಬೆಳೆಗೆ ಹೊಡೆದ ಔಷಧಿ (ಕೀಟನಾಶಕ) ಇದೆಯಾ ಅಂತ ಮನೆಯಲ್ಲೇ ಪತ್ತೆ ಮಾಡಬಹುದಾ? ಆನ್‌ಲೈನ್‌ನಲ್ಲಿ ಸಿಗುವ ಟೆಸ್ಟ್ ಕಾರ್ಡ್ ನಂಬಬಹುದಾ?

ಉತ್ತರ: ಕಣ್ಣಿಗೆ, ಮೂಗಿಗೆ ಗೊತ್ತಾಗುವುದಿಲ್ಲ. ದ್ರಾಕ್ಷಿ ಮೇಲಿನ ಬಿಳಿ ಪುಡಿ ನೋಡಿ ಹೆದರುವವರಿದ್ದಾರೆ. ಅದು ಹೆಚ್ಚಾಗಿ ಹಣ್ಣಿನದೇ ಮೇಣ. ಹುಳ ಕೊರೆದ ಬದನೆಗೆ ಔಷಧಿ ಬಿದ್ದಿಲ್ಲ ಅನ್ನುವುದೂ ಸುಳ್ಳು. ಹುಳ ಕಂಡ ಮೇಲೇ ಹೊಡೆದಿರಬಹುದು, ಅಲ್ವಾ?

ಕಾರ್ಡನ್ನು ಅರ್ಧ ನಂಬಬಹುದು. ಅದರಲ್ಲಿ ಒಂದು ಕಿಣ್ವ (ಎನ್‌ಜೈಮ್) ಇರುತ್ತದೆ. ತರಕಾರಿ ನೆನೆಸಿದ ನೀರು ಬಿದ್ದ ಮೇಲೂ ಕಿಣ್ವ ಕೆಲಸ ಮಾಡಿದರೆ ಕಾರ್ಡು ನೀಲಿ ಆಗುತ್ತದೆ. ನೀಲಿ ಬರದಿದ್ದರೆ ಔಷಧಿ ಅದನ್ನು ತಡೆದಿದೆ ಎಂದು ಲೆಕ್ಕ. ಆದರೆ ಹೀಗೆ ತಡೆಯುವುದು ಮುಖ್ಯವಾಗಿ ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಗುಂಪಿನ ಔಷಧಿಗಳು. ಸೈಪರ್ಮೆಥ್ರಿನ್, ಇಮಿಡಾಕ್ಲೋಪ್ರಿಡ್‌ನಂಥ ಬೇರೆ ಗುಂಪಿನವು ಎಷ್ಟಿದ್ದರೂ ಕಾರ್ಡು ನೀಲಿಯೇ! ಇನ್ನೊಂದು ಕಡೆ, ಬೆಳ್ಳುಳ್ಳಿ, ಮೂಲಂಗಿ ರಸಕ್ಕೆ, ಔಷಧಿ ಇಲ್ಲದಿದ್ದರೂ ಇದೆ ಎಂದು ಸುಮ್ನೆ ತಪ್ಪು ಗಂಟೆ ಹೊಡೆಯುವುದೂ ಉಂಟು.

ಖಚಿತವಾಗಿ ಹೇಳುವುದು ಲ್ಯಾಬ್ ಮಾತ್ರ. ತರಕಾರಿಯನ್ನು ರುಬ್ಬಿ, ಅದರಲ್ಲಿ 10–15 ಗ್ರಾಂ ತೆಗೆದು, ಅಸಿಟೋನೈಟ್ರೈಲ್ ಎಂಬ ದ್ರಾವಕ ಮತ್ತು ಲವಣಗಳ ಜೊತೆ ಕುಲುಕುತ್ತಾರೆ. ಔಷಧಿ ದ್ರಾವಕಕ್ಕೆ ಇಳಿಯುತ್ತದೆ. 2003ರಲ್ಲಿ ಬಂದ ಈ ವಿಧಾನಕ್ಕೆ ಕ್ವೆಚರ್ಸ್ ಎಂದು ಹೆಸರು. ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳ ತೂಕ ನೋಡಿ ಗುರುತಿಸುತ್ತದೆ, ಒಂದೇ ಸಲಕ್ಕೆ ನೂರಾರು ಔಷಧಿಗಳನ್ನು. ಬೇರೆ ಮಿತಿ ಗೊತ್ತು ಮಾಡದ ಔಷಧಿಗೆ ನಮ್ಮಲ್ಲಿ ತರಕಾರಿಯ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಅಂದರೆ ನೂರು ಕೆಜಿ ಬದನೆಯಲ್ಲಿ ಒಂದೇ ಮಿಲಿಗ್ರಾಂ! ಕಾರ್ಡಿಗೆ ಇದೆಲ್ಲ ಎಲ್ಲಿ ಸಿಗಬೇಕು. ಲ್ಯಾಬಿಗೆ ಕೊಡುವುದಾದರೆ ಎನ್‌ಎಬಿಎಲ್ ಎಂಬ, ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆಯಾ ನೋಡಿ. ಖರ್ಚು ಸಾವಿರಾರು ರೂಪಾಯಿ, ಮನೆಬಳಕೆಯ ಅರ್ಧ ಕೆಜಿ ಬೀನ್ಸ್‌ಗೆ ಯಾರೂ ಮಾಡಿಸುವುದಿಲ್ಲ.

ಹಾಗಾದರೆ ತೊಳೆದರೆ ಸಾಕಾ? ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ನೆನಪಿಸಿಕೊಳ್ಳಿ. ಮೈಲುತುತ್ತ, ಸುಣ್ಣದ ಜೊತೆ ರಾಳದ ಅಂಟನ್ನೂ ಸೇರಿಸುತ್ತೇವೆ, ಮಲೆನಾಡಿನ ಮಳೆಗೂ ತೊಳೆದು ಹೋಗಬಾರದು ಅಂತ. ತರಕಾರಿಯ ಔಷಧಿಗೂ ಅಂಟು ಬೆರೆಸುವವರಿದ್ದಾರೆ. ನಲ್ಲಿಯಡಿ ಸುಮ್ನೆ ಹಿಡಿದರೆ ಸಾಲದು, ಕೈಯಲ್ಲಿ ಉಜ್ಜಬೇಕು. ಸೇಬಿನ ಮೇಲೆ ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರು, 12ರಿಂದ 15 ನಿಮಿಷದಲ್ಲಿ, ಸಿಪ್ಪೆ ಮೇಲಿನ ಎರಡು ಔಷಧಿಗಳನ್ನು ತೆಗೆದಿತ್ತು. ಒಳಗೆ ಇಳಿದದ್ದು ಹೋಗಲಿಲ್ಲ.

ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದಲ್ಲೇ ಓಡಾಡುತ್ತವೆ. ಅವಕ್ಕೆ ಸೋಡಾ, ಉಪ್ಪು, ಅರಿಶಿನ ಯಾವುದೂ ನಾಟುವುದಿಲ್ಲ. ಬೆಳೆದವರೇ ಸಂತೆಯಲ್ಲಿ ಕೂತಿದ್ದರೆ, ಯಾವಾಗ ಹೊಡೆದದ್ದು ಎಂದು ಕೇಳಿ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಔಷಧಿಯ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ.